ಅಳು ಬೇರೆ, ಖಿನ್ನತೆ ಬೇರೆ: ಸ್ಟ್ರೋಕ್ ನಂತರದ ಒಂದು ಪ್ರಕರಣ

58ರ ಗಂಡಸು, ದಿನಸಿ ಅಂಗಡಿ. ಸ್ಟ್ರೋಕ್ ಆಗಿ ನಾಲ್ಕು ತಿಂಗಳು, ಎಡಗೈ ಎಡಗಾಲಿಗೆ ಶಕ್ತಿ ಸಾಲದು. (ಗುರುತು ಸಿಗದಂತೆ ವಿವರ ಬದಲಿಸಿದೆ.)

ಹೆಂಡತಿ ಹೇಳಿದ್ದು: "ಯಾರಾದ್ರೂ ಹೇಗಿದ್ದೀರಿ ಅಂದ್ರೆ ಸಾಕು, ನಮ್ಮೆಜಮಾನ್ರು ಬಿಕ್ಕಿಬಿಕ್ಕಿ ಅಳ್ತಾರೆ." ಮಗನ ದೂರು: "ಅಪ್ಪ ಎಕ್ಸರ್‌ಸೈಜ್ ಮಾಡೋದೇ ಇಲ್ಲ, ಸೋಮಾರಿ ಆಗಿದ್ದಾರೆ."

ಅವರನ್ನೇ ಕೇಳಿದೆ. ಅಳುವಾಗ ಮನಸ್ಸಿನಲ್ಲಿ ದುಃಖವಿರುವುದಿಲ್ಲ, ತಡೆಯಲಾಗುವುದಿಲ್ಲ, ಒಂದೆರಡು ನಿಮಿಷಕ್ಕೆ ತಾನೇ ನಿಲ್ಲುತ್ತದೆ. ಅಳು, ನಗುವನ್ನು ಹಿಡಿತದಲ್ಲಿಡುವ ಮಿದುಳಿನ ದಾರಿಗೆ ಪೆಟ್ಟಾದಾಗ ಹೀಗಾಗುತ್ತದೆ. ಆದರೆ ನಸುಕಿಗೇ ಎಚ್ಚರ, ಊಟ ಸೇರದು, ಅಂಗಡಿಯ ಸಾಲದ ಪುಸ್ತಕ ತಂದು ತೊಡೆಯ ಮೇಲಿಟ್ಟರೂ ತೆರೆಯುವುದಿಲ್ಲ. ಇದು ಖಿನ್ನತೆ, ಸ್ಟ್ರೋಕ್ ಆದ ಮೂವರಲ್ಲಿ ಸುಮಾರು ಒಬ್ಬರಿಗೆ ಬರುತ್ತದೆ. ಇವರಿಗೆ ಎರಡೂ ಇದ್ದವು. ಸಾಯುವ ಯೋಚನೆ ಬರುತ್ತದೆಯೇ ಎಂದೂ ನೇರವಾಗಿ ಕೇಳಿದೆ. ಹಾಗೆ ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇವರಿಗೆ ಬಂದಿರಲಿಲ್ಲ.

ಮಗ ಅವರನ್ನು ಎಬ್ಬಿಸುವುದನ್ನು ನೋಡಿದಾಗ "ಸೋಮಾರಿತನ"ದ ಕಾರಣ ತಿಳಿಯಿತು. ಎಡಗೈ ಹಿಡಿದು ಎಳೆಯುತ್ತಿದ್ದ. ಸ್ನಾಯು ಸೋತ ಭುಜದ ಕೀಲು ಎಳೆತಕ್ಕೆ ಜಾರುತ್ತದೆ, ನೋಯುತ್ತದೆ. ಆ ನೋವಿಗೆ ಹೆದರಿ ಅವರು ಕೈ ಆಡಿಸುವುದನ್ನೇ ಬಿಟ್ಟಿದ್ದರು.

ಮಗನಿಗೆ ಹೇಳಿದ್ದು: ಕೈ ಎಳೆಯಬೇಡಿ, ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಎಡಗಡೆ ನಿಂತು ಸೊಂಟಕ್ಕೆ ಆಸರೆ ಕೊಡಿ. ಅಪ್ಪ ಕುರ್ಚಿಯ ಅಂಚಿಗೆ ಬರಲಿ, ಪಾದ ಮಂಡಿಗಿಂತ ತುಸು ಹಿಂದಕ್ಕಿರಲಿ, ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಬಾಗಿ ಏಳಲಿ. ಕೂತಾಗ ಎಡಗೈ ದಿಂಬಿನ ಮೇಲಿರಲಿ. ಭುಜವನ್ನು ಫಿಸಿಯೋ ನೋಡಿದ ಮೇಲೆ, ಅವರು ಹೇಳಿಕೊಟ್ಟಿದ್ದನ್ನು ಅರ್ಧ ಗಂಟೆ ಒಟ್ಟಿಗೆ ಬೇಡ, ಹತ್ತತ್ತು ನಿಮಿಷ ಮೂರು ಸಲ ಮಾಡಿಸಿ.

ಹೆಂಡತಿಗೆ: ಅಳು ಬಂದಾಗ "ಅಳಬೇಡಿ" ಅನ್ನಬೇಡಿ, ನೀವೂ ಕಣ್ಣೀರು ಹಾಕಬೇಡಿ. ಮಾತು ಬದಲಿಸಿ; ಅವರು ಕೂತ ಭಂಗಿ ಬದಲಿಸಿ ನಿಧಾನವಾಗಿ ಉಸಿರು ಬಿಡಲಿ. ನೆಂಟರಿಗೂ ಮೊದಲೇ ತಿಳಿಸಿಡಿ.

ಖಿನ್ನತೆಗೆ ಮನೋವೈದ್ಯರಲ್ಲಿಗೆ ಕಳಿಸಿದೆ. ಖಿನ್ನತೆಗೆ ಅವರು ಕೊಡುವ ಮಾತ್ರೆ ಅಳುವಿಗೂ ನೆರವಾಗಬಹುದು, ಗುಣ ಕಾಣಲು ಕೆಲವು ವಾರ ಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿರುವುದನ್ನು ಮನೋವೈದ್ಯರಿಗೆ ಹೇಳಲೇಬೇಕು: ಎರಡೂ ಮಾತ್ರೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಮನಸ್ಸು ತೀರಾ ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು.

ಆರನೇ ವಾರಕ್ಕೆ ಅಳು ಪೂರ್ತಿ ನಿಂತಿರಲಿಲ್ಲ. ಸಾಲದ ಪುಸ್ತಕದಲ್ಲಿ ಎರಡು ಪುಟ ಅವರೇ ಬರೆದಿದ್ದರು.