ಲಿವರ್ ಬದಲಾದ ಮೇಲೆ ಎಷ್ಟು ವರ್ಷ ಅಂತ ಕೇಳಿದ್ದೀರಿ

ಅಣ್ಣಾ ಅಂತ ಕರೆದು ಕೇಳಿದ್ದೀರಿ: ಯಜಮಾನರಿಗೆ ಪಿಎಸ್‌ಸಿ (ಲಿವರ್‌ನ ಪಿತ್ತನಾಳಗಳು ಉರಿಯೂತದಿಂದ ಕಿರಿದಾಗುತ್ತಾ ಹೋಗುವ ಕಾಯಿಲೆ), ಇಲ್ಲಿ ಲೀಡ್ಸ್‌ನಲ್ಲಿ ಟ್ರಾನ್ಸ್‌ಪ್ಲಾಂಟ್ ಪಟ್ಟಿಗೆ ಹಾಕುತ್ತಾರಂತೆ, ಆಮೇಲೆ ಎಷ್ಟು ವರ್ಷ, ಕೆಲಸಕ್ಕೆ ಹೋಗಬಹುದಾ, ಊರಿಗೆ ಹೋಗಿ ಬರಬಹುದಾ ಅಂತ.

ನಾನು ಇಂಗ್ಲೆಂಡಿಗೆ ಬಂದಾಗ ನನಗೂ ಇದೇ ಕಾಯಿಲೆ, ಹೆಸರು ಮಾತ್ರ ಗೊತ್ತಿರಲಿಲ್ಲ. ರಾತ್ರಿಯಿಡೀ ಅಂಗೈ ಅಂಗಾಲು ತುರಿಕೆ. ಬೆಚ್ಚಗಾದರೆ ಇನ್ನೂ ಜಾಸ್ತಿ ಅಂತ ಜನವರಿ ಚಳಿಯಲ್ಲೂ ರೇಡಿಯೇಟರ್ ಆರಿಸಿ ಮಲಗುತ್ತಿದ್ದೆ, ಜೊತೆಗಿದ್ದವರು ಬೈಯುತ್ತಿದ್ದರು. ಹೊಸ ಲಿವರ್ ಬಂದ ಮೇಲೆ ಆ ತುರಿಕೆ ಹೋಯಿತು. ಹಾಗಾಗಿ ಹೆದರಬೇಡಿ, ಮಾಡಿಸಿ.

ಕೆಲಸಕ್ಕೆ ಹೋಗಬಹುದು. ಊಟ ನಮ್ಮದೇ. ಚಕ್ಕೋತ ಮಾತ್ರ ಬೇಡ, ಹೊಸ ಲಿವರನ್ನು ಮೈ ತಿರಸ್ಕರಿಸದಂತೆ ದಿನಾ ತಗೊಳ್ಳುವ ಟ್ಯಾಕ್ರೋಲಿಮಸ್ ಮಾತ್ರೆಯ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ಇನ್ನು ವರ್ಷದ ಲೆಕ್ಕ: 100ರಲ್ಲಿ ಸುಮಾರು 80 ಜನ 5 ವರ್ಷ ದಾಟುತ್ತಾರೆ, 10 ದಾಟಿದವರೂ ಬೇಕಾದಷ್ಟು.

ಆದರೆ ಒಂದು ಮಾತು ಈಗಲೇ ತಿಳಿದಿರಲಿ. ಲಿವರ್ ಹೊಸದು, ಮೈ ಹಳೇದೇ ಅಲ್ವಾ? ಸುಮಾರು ಐವರಲ್ಲಿ ಒಬ್ಬರಿಗೆ ಹೊಸ ಲಿವರ್‌ನ ಪಿತ್ತನಾಳಕ್ಕೂ ಅದೇ ಕಾಯಿಲೆ ಬರುತ್ತದೆ. ನನಗೆ ಬಂತು. ನೋವಿಲ್ಲ, ಕಣ್ಣು ಹಳದಿ ಇಲ್ಲ, ರಕ್ತಪರೀಕ್ಷೆಯಲ್ಲಿ ಎಎಲ್‌ಪಿ (ಪಿತ್ತನಾಳಕ್ಕೆ ತೊಂದರೆಯಾದರೆ ಏರುವ ಕಿಣ್ವ) ಸುಮ್ನೆ ಏರುತ್ತಾ ಹೋಯಿತು, ಆಮೇಲೆ ಪಿತ್ತನಾಳ ತೋರಿಸುವ ಎಂಆರ್‌ಸಿಪಿ ಸ್ಕ್ಯಾನ್ ಮಾಡಿದರೆ ನಾಳ ಮಣಿ ಪೋಣಿಸಿದ ಹಾಗೆ, ಒಂದು ಕಡೆ ಸಣ್ಣ, ಇನ್ನೊಂದು ಕಡೆ ಉಬ್ಬು. ಅಷ್ಟರಲ್ಲಿ ಅಮ್ಮ ಮಗ ಗುಣವಾದ ಅಂತ ಊರಿಗೆಲ್ಲ ಹೇಳಿ, ಧರ್ಮಸ್ಥಳಕ್ಕೆ ಹೋಗಿ ಹರಕೆ ತೀರಿಸಿ ಬಂದಿದ್ದರು. ಫೋನಿನಲ್ಲಿ ಅವರಿಗೆ ಹೇಗೆ ಹೇಳಲಿ? ಹೇಳಲೇ ಇಲ್ಲ. ತೀರಿಹೋಗುವವರೆಗೂ 'ಇನ್ನೂ ಯಾಕೋ ಅಷ್ಟೊಂದು ಮಾತ್ರೆ' ಅಂತ ಕೇಳುತ್ತಿದ್ದರು. ಕಾಯಿಲೆ ಮರಳಿತು ಅಂದ ಮಾತ್ರಕ್ಕೆ ಮುಗಿಯಿತು ಅಂತಲ್ಲ. ಕೆಲವರಿಗೆ ಎರಡನೇ ಲಿವರ್ ಬೇಕಾಗುತ್ತದೆ. ನನ್ನದು ಸದ್ಯ ನಿಧಾನಕ್ಕೆ ಸಾಗಿದೆ, ಇವತ್ತೂ ಆಫೀಸಿಗೆ ಹೋಗಿ ಬಂದೇ ಇದನ್ನು ಬರೆಯುತ್ತಿದ್ದೇನೆ.

ಪಿಎಸ್‌ಸಿ ಜೊತೆಗೆ ಎಷ್ಟೋ ಜನಕ್ಕೆ ಇರುವ ಕೊಲೈಟಿಸ್ (ದೊಡ್ಡ ಕರುಳಿನ ಉರಿಯೂತ) ಯಜಮಾನರಿಗೆ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ (ಕ್ಯಾಮೆರಾ ಹಾಕಿ ಕರುಳು ನೋಡುವ ಪರೀಕ್ಷೆ) ತಪ್ಪಿಸಬೇಡಿ. ಲಿವರ್ ಬದಲಾದರೂ ಕರುಳಿನ ಕ್ಯಾನ್ಸರ್ ಭಯ ಹೋಗುವುದಿಲ್ಲ.

ಊರಿಗೆ ಮೊದಲ ವರ್ಷ ಬೇಡ, ಆಮೇಲೆ ಡಾಕ್ಟರನ್ನು ಕೇಳಿ ಹೊರಡಿ. ರಜೆಗೆ ಸಾಕಾಗಿ ಮಿಗುವಷ್ಟು ಟ್ಯಾಕ್ರೋಲಿಮಸ್ ಕೈಚೀಲದಲ್ಲೇ ಇರಲಿ. ಅಲ್ಲಿನ ಮೆಡಿಕಲ್ ಶಾಪಿನಲ್ಲಿ ಅದೇ ಔಷಧಿ, ಬೇರೆ ಕಂಪನಿ ಅಂತ ಕೊಟ್ಟರೆ ತಗೋಬೇಡಿ. ಮತ್ತೆ ಯಾರಾದರೂ ಅಮೃತಬಳ್ಳಿ ಕಷಾಯ ಹಿಡಿದು ಬರುತ್ತಾರೆ, ಬಂದೇ ಬರುತ್ತಾರೆ. ಅದನ್ನು ಕುಡಿದು ಲಿವರ್ ಕೆಟ್ಟವರ ವರದಿಗಳು ಕೋವಿಡ್ ಕಾಲದಲ್ಲಿ ನಮ್ಮ ದೇಶದಿಂದಲೇ ಬಂದಿವೆ. ಆ ಹಿರಿಯರ ಹತ್ತಿರ ವಾದ ಮಾಡಬೇಡಿ. ಲೋಟ ನೀವೇ ಇಸ್ಕೊಂಡು, ಊಟ ಆದ ಮೇಲೆ ಕೊಡ್ತೀನಿ ಅಂತ ಹೇಳಿ ಬಚ್ಚಲಿಗೆ ಸುರಿದುಬಿಡಿ.