ಬಿಲ್ಲೆ ಗಟ್ಟಿಯಾಗುವ ಮೊದಲೇ ಹರಳು ಕಟ್ಟಿದರೆ?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಎಂಎಸ್ಸಿ ಓದುತ್ತಿದ್ದೇನೆ ಸರ್. ಸೋಲ್-ಜೆಲ್ ವಿಧಾನದಲ್ಲಿ (ದ್ರಾವಣವನ್ನು ಜೆಲ್ ಮಾಡಿ, ಒಣಗಿಸಿ) 58ಎಸ್ ಬಯೋಗ್ಲಾಸ್, ಅಂದರೆ ಮೂಳೆಗೆ ಅಂಟುವ ಗಾಜು, ಮಾಡಿ, 700 ಡಿಗ್ರಿಯಲ್ಲಿ ಸುಟ್ಟು, ಆ ಪುಡಿಯಿಂದ ಬಿಲ್ಲೆ ಒತ್ತಿದೆ. ಬಿಲ್ಲೆಗಳನ್ನು ನಿಮಿಷಕ್ಕೆ 2 ಡಿಗ್ರಿಯಂತೆ 1000ಕ್ಕೆ ಏರಿಸಿದೆ. ಸೀಮೆಸುಣ್ಣದ ಹಾಗಾಗಿವೆ, ಉಗುರಲ್ಲಿ ಕೆರೆದರೆ ಉದುರುತ್ತವೆ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣದಿಂದ ಹರಳು ಗುರುತಿಸುವ ಪರೀಕ್ಷೆ) ವೊಲಾಸ್ಟೊನೈಟ್ ಎಂಬ ಕ್ಯಾಲ್ಸಿಯಂ ಸಿಲಿಕೇಟ್ ಹರಳು ಕಾಣುತ್ತಿದೆ. ಮಳೆಗಾಲದ ಬ್ಯಾಚ್ ಅಂತೂ ಬೇರೆಯದೇ ಥರ. ಎಲ್ಲಿ ತಪ್ಪಿದೆ?

ಉತ್ತರ: ನಿಧಾನವೇ ಪ್ರಧಾನ ಅಂದುಕೊಂಡಿರಿ, ಅಲ್ವಾ? 700ರವರೆಗೆ ಅದು ಸರಿ. ನೈಟ್ರೇಟು, ಆಲ್ಕೋಹಾಲಿನ ಉಳಿಕೆ ಎಲ್ಲ ಹೊರಗೆ ಹೋಗಬೇಕು. ಆದರೆ ಪುಡಿ ಒಮ್ಮೆ ಸುಟ್ಟಾದ ಮೇಲೆ ನಿಧಾನವೇ ಶತ್ರು. ಗಾಜು ಮೆತ್ತಗಾಗಿ ಹರಿದು ತೂತು ಮುಚ್ಚುವ ಮೊದಲೇ ಹರಳು ಕಟ್ಟಿದರೆ ಹರಿವು ಅಲ್ಲಿಗೇ ನಿಂತುಬಿಡುತ್ತದೆ. ಒಳಗಿನ ತೂತು ಹಾಗೇ ಉಳಿಯುತ್ತದೆ. ನಿಮ್ಮ ಸೀಮೆಸುಣ್ಣ ಅದೇ.

ಈ ಸಲ ನಿಮಿಷಕ್ಕೆ 10 ಡಿಗ್ರಿಯಂತೆ ಏರಿಸಿ. 750, 800, 850, 900ರಲ್ಲಿ ಒಂದೊಂದು ಬಿಲ್ಲೆ ಸುಟ್ಟು, ವರ್ನಿಯರ್ ಹಿಡಿದು ಅಗಲ ಅಳೆಯಿರಿ. ಎಲ್ಲಿ ಕುಗ್ಗುವುದು ಜಾಸ್ತಿ, ಎಲ್ಲಿ ಎಕ್ಸ್‌ಆರ್‌ಡಿ ಗೆರೆ ಶುರು ಅನ್ನುವುದು ಗೊತ್ತಾಗುತ್ತದೆ. ಮೊದಲು ಕುಗ್ಗಿಸಿ, ಆಮೇಲೆ ಹರಳು. ಡಿಟಿಎ (ಬಿಸಿ ಮಾಡುತ್ತಾ ಎಷ್ಟು ಡಿಗ್ರಿಯಲ್ಲಿ ಹರಳು ಕಟ್ಟುತ್ತದೆಂದು ತೋರಿಸುವ ಪರೀಕ್ಷೆ) ಮಾಡಿಸುವುದಾದರೆ ಬಿಲ್ಲೆಗೆ ಹಾಕಿದ ಪುಡಿಯನ್ನೇ ಕೊಡಿ. ಪುಡಿ ನುಣುಪಾದಷ್ಟೂ ಹರಳಿನ ಪೀಕ್ ಕಡಿಮೆ ಡಿಗ್ರಿಗೆ ಇಳಿಯುತ್ತದೆ.

ಕರಗಿಸಿದ ಗಾಜಿಗೆ ಟೈಟಾನಿಯಾ, ಜಿರ್ಕೋನಿಯಾ ಬೆರೆಸಿ, ಹರಳಿನ ಬೀಜ ಹುಟ್ಟಲೆಂದು ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ನೀವು ಅದನ್ನು ಸುಮ್ನೆ ನಕಲು ಮಾಡಬೇಡಿ. ಜೆಲ್ ಪುಡಿಯಲ್ಲಿ ಮೇಲ್ಮೈಯೇ ಬೇಕಾದಷ್ಟಿದೆ, ಹರಳು ಹುಟ್ಟುವುದೇ ಅಲ್ಲಿ.

ಇನ್ನು ಮಳೆಗಾಲದ ಬ್ಯಾಚ್. ಗಾಜಿಗೆ ಕ್ಯಾಲ್ಸಿಯಂ ಕೊಡುವ ಕ್ಯಾಲ್ಸಿಯಂ ನೈಟ್ರೇಟ್ ಬಾಟಲಿ ಮುಚ್ಚಳ ತೆಗೆದು ನೋಡಿ, ಒದ್ದೆ ಉಪ್ಪಿನ ಡಬ್ಬಿಯ ಹಾಗಿರುತ್ತದೆ. ಗಾಳಿಯ ನೀರು ಎಳೆದುಕೊಳ್ಳುವ ಜಾತಿ ಅದು. ತಕ್ಕಡಿಯಲ್ಲಿ ನೀವು ತೂಗಿದ್ದರಲ್ಲಿ ನೀರೂ ಸೇರಿದೆ, ಕ್ಯಾಲ್ಸಿಯಂ ಕಡಿಮೆ. ದ್ರಾವಣ ಮಾಡಿ, ಇಡಿಟಿಎ ಟೈಟ್ರೇಶನ್‌ನಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಅಂತ ಅಳೆದು, ಎಂಎಲ್ ಲೆಕ್ಕದಲ್ಲಿ ಹಾಕಿ.

ಇನ್ನೊಂದು. ಸುಮಾರು 400 ಡಿಗ್ರಿ ದಾಟುವವರೆಗೆ ಕ್ಯಾಲ್ಸಿಯಂ ಗಾಜಿನೊಳಗೆ ಸೇರುವುದೇ ಇಲ್ಲ. ಜೆಲ್ ಒಣಗುವಾಗ, ಹಳೇ ಗೋಡೆಗೆ ಉಪ್ಪು ಒಡೆದ ಹಾಗೆ, ಅಂಚಿಗೆ ಬಂದು ಕೂರುತ್ತದೆ. ಹಾಗೇ ಸುಟ್ಟರೆ ಅಂಚೊಂದು ಗಾಜು, ನಡುವೊಂದು ಗಾಜು. ಒಣಗಿದ ಜೆಲ್ ಪೂರ್ತಿ ಅರೆದು, ಬೆರೆಸಿ, ಆಮೇಲೆ 700ಕ್ಕೆ ಇಡಿ.