ಕಲಾವಿದರಿಗೆ ವಿಜ್ಞಾನದ ಸಹವಾಸ ಯಾಕೆ?

"ಚಿತ್ರಕಲೆ ಓದ್ತಿದ್ದೀನಿ. ಎಲ್ಲಿ ನೋಡಿದರೂ ಎಐ, ಸೆನ್ಸರ್, ಪ್ರೊಜೆಕ್ಷನ್ ಅಂತಾರೆ. ವಿಜ್ಞಾನಕ್ಕೂ ಕಲೆಗೂ ನಿಜವಾಗಿ ಸಂಬಂಧ ಇದೆಯಾ, ಇಲ್ಲ ಬರೀ ಶೋಕಿನಾ? ಬೆಂಗಳೂರಲ್ಲಿ ಎಲ್ಲಿ ನೋಡಬಹುದು?" ಅಂತ ಕೇಳಿದ್ದೀರಿ.

ಸಂಬಂಧ ಇದೆ. ಶೋಕಿಯೂ ಜಾಸ್ತಿ ಇದೆ. ಕತ್ತಲೆ ಹಾಲ್‌ನ ಗೋಡೆ ತುಂಬ ಹಳೆಯ ಚಿತ್ರಗಳನ್ನು ಓಡಿಸಿ ಟಿಕೆಟ್ ಮಾರುವುದನ್ನು ನಾನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ನೋಡಲು ಚೆನ್ನಾಗಿರುತ್ತದೆ, ಫೋಟೋನೂ ಚೆನ್ನಾಗಿ ಬರುತ್ತದೆ. ಆದರೆ ಅಲ್ಲಿ ವಿಜ್ಞಾನದವರಿಗೂ ಹೊಸದೇನೂ ತಿಳಿಯಲಿಲ್ಲ, ಕಲೆಯವರಿಗೂ ತಿಳಿಯಲಿಲ್ಲ. ಒಬ್ಬರು ಮಾಡಿಟ್ಟ ಕೆಲಸ ಇನ್ನೊಬ್ಬರ ತಲೆ ಕೆಡಿಸಬೇಕು. ಅಂಥದ್ದು ನಮ್ಮೂರಲ್ಲೇ ಬೇಕಾದಷ್ಟು ನಡೆದಿದೆ.

ನೀವು ಚಿತ್ರ ಬರೆಯುವವರು, ಹಾಗಾಗಿ ಮೊದಲು ಗವಿಪುರ. ಸಂಕ್ರಾಂತಿ ಸಂಜೆ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಸೂರ್ಯನ ಬೆಳಕು ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದನ್ನು ಟಿವಿಯಲ್ಲಿ ನೋಡಿರುತ್ತೀರಿ. ನವೆಂಬರ್ ಕೊನೆಯಲ್ಲೂ ಹಾಗೇ ಬೀಳುತ್ತದೆ ಅನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ಡಿಸೆಂಬರ್ 21ರ ಸುಮಾರಿಗೆ ಸೂರ್ಯ ದಕ್ಷಿಣದ ತುದಿ ಮುಟ್ಟಿ ವಾಪಸು ಹೊರಡುತ್ತಾನೆ. ಅದಕ್ಕೆ ಎಷ್ಟು ದಿನ ಮುಂಚೆ ಒಂದು ಜಾಗದಲ್ಲಿ ಮುಳುಗಿದ್ದನೋ, ಹೆಚ್ಚುಕಮ್ಮಿ ಅಷ್ಟೇ ದಿನ ಕಳೆದ ಮೇಲೆ ಮತ್ತೆ ಅಲ್ಲೇ ಮುಳುಗುತ್ತಾನೆ. ನೆಹರು ತಾರಾಲಯದ ಬಿ. ಎಸ್. ಶೈಲಜಾ ಮತ್ತು ಜೊತೆಗಾರರು ಈ ಗುಡಿಯ ಬೆಳಕಿನ ಲೆಕ್ಕ ಹಾಕಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ 2008ರಲ್ಲಿ ಬರೆದರು. ಗುಡಿ ಹಿಂದೆ ಹೇಗಿತ್ತು ಅಂತ ತಿಳಿಯಲು ಅವರಿಗೆ ಸಿಕ್ಕಿದ್ದು ಥಾಮಸ್ ಮತ್ತು ವಿಲಿಯಂ ಡೇನಿಯಲ್ 1792ರಲ್ಲಿ ಬರೆದ ಚಿತ್ರಗಳು. ಆ ಚಿತ್ರಗಳ ಪಕ್ಕದಲ್ಲಿ ಈಗಿನ ಗುಡಿಯನ್ನು ಇಟ್ಟು ನೋಡಿದರೆ ನಡುವೆ ಕಟ್ಟಡ ಬದಲಾಗಿದ್ದು ಕಾಣುತ್ತದೆ. ಫೋಟೋ ತೆಗೆಯುವುದು ಹುಟ್ಟುವ ಮೊದಲು ಇಬ್ಬರು ಚಿತ್ರಕಾರರು ಕೈಯಲ್ಲಿ ಬರೆದದ್ದು, ಇನ್ನೂರು ವರ್ಷದ ಮೇಲೆ ಖಗೋಳದವರಿಗೆ ಸಾಕ್ಷಿಯಾಯಿತು. ಅಳತೆ ತಪ್ಪಿತು ಅಂತ ನಿಮ್ಮ ಮೇಷ್ಟ್ರು ಬೈದರೆ ಬೇಜಾರು ಮಾಡಿಕೊಳ್ಳಬೇಡಿ. ನೋಡಲು ಹೋಗುವುದಾದರೆ ನವೆಂಬರ್‌ನಲ್ಲೇ ಹೋಗಿ. ಸಂಕ್ರಾಂತಿಗೆ ಕಾಲಿಡಲು ಜಾಗ ಇರುವುದಿಲ್ಲ.

ನನಗೆ ಹೆಚ್ಚು ಗೊತ್ತಿರುವುದು ಮೃದಂಗ. ಹೊಟ್ಟೆಪಾಡು ಸಾಫ್ಟ್‌ವೇರ್, ಸಂಜೆ ಮಲ್ಲೇಶ್ವರದಲ್ಲಿ ಪಾಠ. ತಂತಿ ಮೀಟಿದರೆ ಮೂಲ ಸ್ವರದ ಜೊತೆ ಅದರ 2, 3, 4 ಪಟ್ಟು ವೇಗದ ಕಂಪನಗಳೂ ಹುಟ್ಟುತ್ತವೆ. ಪೂರ್ಣ ಅಂಕಿಗಳು, ಆದ್ದರಿಂದ ಕಿವಿಗೆ ಇಂಪು. ಬರೀ ಚರ್ಮ ಬಿಗಿದು ಹೊಡೆದರೆ ಹಾಗಾಗದು. 1.59, 2.14, 2.30 ಪಟ್ಟು ಅಂತ ಒಂದಕ್ಕೊಂದು ಹೊಂದದ ಕಂಪನಗಳು ಬರುತ್ತವೆ. ಸದ್ದು ಬರುತ್ತದೆ, ಸ್ವರ ನಿಲ್ಲುವುದಿಲ್ಲ. ಹಾಗಾದರೆ ಮೃದಂಗ ಶ್ರುತಿಗೆ ಹೇಗೆ ನಿಲ್ಲುತ್ತದೆ? ಬಲಗಡೆ ನಡುವೆ ಇರುವ ಕಪ್ಪು ಕರಣೆಯಿಂದ. ಕಲ್ಲಿನ ಪುಡಿ, ಅನ್ನ ಕಲಸಿ, ಪದರದ ಮೇಲೆ ಪದರ ಹಚ್ಚಿ ಉಜ್ಜುತ್ತಾರೆ. ನಡುವೆ ಭಾರ ಕೂತಾಗ ಆ ಅಡ್ಡಾದಿಡ್ಡಿ ಕಂಪನಗಳು ಪೂರ್ಣ ಅಂಕಿಗಳ ಹತ್ತಿರ ಸರಿಯುತ್ತವೆ.

ಸಿ. ವಿ. ರಾಮನ್ ಇದರ ಬಗ್ಗೆ 1920ರಲ್ಲೇ ಕಲ್ಕತ್ತೆಯಿಂದ ಬರೆದಿದ್ದರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ (ಐಐಎಸ್‌ಸಿ) ಬಂದ ಮೇಲೆ, 1930ರ ದಶಕದಲ್ಲಿ, ಇನ್ನೂ ವಿವರವಾಗಿ ಬರೆದರು. ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ ನುಡಿಸಿದರೆ, ಅಲುಗಾಡದ ಗೆರೆಗಳ ಮೇಲೆ ಮರಳು ಸಾಲಾಗಿ ನಿಲ್ಲುತ್ತದೆ. ಹಾಗೆ ನೋಡಿ, ಒಂಬತ್ತು ಬಗೆಯ ಕಂಪನಗಳು ಐದು ಸ್ವರಗಳಾಗಿ ಗುಂಪುಗೂಡುತ್ತವೆ ಎಂದು ತೋರಿಸಿದರು. ನೊಬೆಲ್ ಬಂದ ಮೇಲೂ ಅವರು ಮದ್ದಲೆ ಬಿಡಲಿಲ್ಲ ನೋಡಿ! ಆದರೆ ಮೊದಲು ಕರಣೆ ಹಾಕಿದವರು ಯಾರು ಅಂತ ಯಾರಿಗೂ ಗೊತ್ತಿಲ್ಲ. ಅವರಿಗೆ ಸಮೀಕರಣ ಬೇಕಾಗಲಿಲ್ಲ, ಕಿವಿ ಸಾಕಾಯಿತು. ನನ್ನ ಮಟ್ಟಿಗೆ ಅವರೇ ಮೊದಲ ವಿಜ್ಞಾನಿಗಳು.

ತಂಬೂರಿಯದೂ ಇಂಥದ್ದೇ ಕತೆ. ಕುದುರೆಯ (ತಂತಿಗಳನ್ನು ಹೊತ್ತಿರುವ ಪಟ್ಟಿ) ಮೇಲೆ ತಂತಿಯ ಕೆಳಗೆ ಒಂದು ಎಳೆ ದಾರ ಸಿಕ್ಕಿಸುತ್ತಾರೆ. ಮಾಮೂಲಿ ತಂತಿಯನ್ನು ಸರಿಯಾಗಿ ಮಧ್ಯೆ ಮೀಟಿದರೆ ಕೆಲವು ಉಪಸ್ವರಗಳು, ಅಂದರೆ ಮೂಲ ಸ್ವರದ ಜೊತೆ ಬರುವ ಆ ಪಟ್ಟು ಕಂಪನಗಳು, ಹುಟ್ಟಬಾರದು. ತಂಬೂರಿಯಲ್ಲಿ ಅವೂ ಕೇಳುತ್ತವೆ. ಇದನ್ನೂ ರಾಮನ್ 1921ರಲ್ಲಿ ಬರೆದರು. ಆಮೇಲೆ 1970ರ ದಶಕದಲ್ಲಿ ಬೆಂಗಳೂರಿನ ಎಂಜಿನಿಯರ್, ಕೊಳಲು ವಾದಕ ಜಿ. ರಾಜ್ ನಾರಾಯಣ್ ತಂಬೂರಿಯ ಬದಲು ಶ್ರುತಿ ಕೊಡುವ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಿದರು. ಅಲ್ಲಿಂದ ಬೆಳೆದದ್ದೇ ರಾಡೆಲ್ ಕಂಪನಿ. ಪೆಟ್ಟಿಗೆ ಬಂದು ತಂಬೂರಿ ಸತ್ತಿತು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬಾಡಿಗೆ ರೂಮಿನಲ್ಲಿ ಬೆಳಿಗ್ಗೆ ಐದಕ್ಕೆ ಸಾಧನೆ ಮಾಡುವವನಿಗೆ ಆ ಪೆಟ್ಟಿಗೆಯೇ ದೇವರು. ಅದರ ನಾದದಲ್ಲಿ ದಾರದ ಜೀವ ಪೂರ್ತಿ ಇಲ್ಲ ಅನ್ನುವುದೂ ನಿಜ. ಆ ಕೊರತೆಯೇ ಮುಂದಿನ ಎಂಜಿನಿಯರಿಗೆ ಕೆಲಸ, ಅಲ್ವಾ?

ತೀರಾ ಹೊಸ ಕಾಲದ್ದು ಬೇಕೆಂದರೆ, 2009ರಲ್ಲಿ ಸೃಷ್ಟಿ ಕಲಾ ಸಂಸ್ಥೆಯ ವಿದ್ಯಾರ್ಥಿಗಳು ಐಜೆಮ್ ಎಂಬ ಜೈವಿಕ ತಂತ್ರಜ್ಞಾನ ಸ್ಪರ್ಧೆಗೆ ಹೋಗಿದ್ದರು. ಬ್ಯಾಕ್ಟೀರಿಯಾದ ಜೀನ್ ಬದಲಿಸಿ ಅದರಿಂದ ಮೊದಲ ಮಳೆಯ ಮಣ್ಣಿನ ವಾಸನೆ ಬರಿಸುವುದು ಅವರ ಕೆಲಸ. ಆ ವಾಸನೆಯ ಹಿಂದಿರುವ ವಸ್ತು ಜಿಯೋಸ್ಮಿನ್. ಔಷಧಿ, ಇಂಧನ ಬಿಟ್ಟು ವಾಸನೆ ಮಾಡೋಣ ಅಂತ ಹೊಳೆಯಲು ಆರ್ಟ್ ಸ್ಟೂಡೆಂಟ್‌ಗಳೇ ಬೇಕಾಯಿತು.

ಎಐ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಒಂದು ಸಾಲು ಟೈಪ್ ಮಾಡಿ ಬಂದ ಚಿತ್ರದಲ್ಲಿ ನನಗೆ ಆಸಕ್ತಿ ಇಲ್ಲ. ಬೆಂಗಳೂರಿನ ಕಲಾವಿದ ಹರ್ಷಿತ್ ಅಗ್ರವಾಲ್ ಅವರ ಕೆಲಸ ಹುಡುಕಿ ನೋಡಿ. ಶಸ್ತ್ರಚಿಕಿತ್ಸೆಯ ಚಿತ್ರಗಳನ್ನು ಯಂತ್ರಕ್ಕೆ ಉಣಿಸಿ, ಅದು ಮನುಷ್ಯನ ದೇಹವನ್ನು ಹೇಗೆ ಕಾಣುತ್ತದೆ ಅಂತ ಕೇಳಿದವರು. ಅಲ್ಲಿ ಯಂತ್ರಕ್ಕೇ ಪ್ರಶ್ನೆ.

ಹೋಗಬೇಕಾದ ಜಾಗ: ಬಳ್ಳಾರಿ ರಸ್ತೆಯ ಸೈನ್ಸ್ ಗ್ಯಾಲರಿ. 2024ರ ಜನವರಿಯಲ್ಲಿ 'ಕಾರ್ಬನ್' ಪ್ರದರ್ಶನದಿಂದ ಶುರುವಾಯಿತು. ಪ್ರವೇಶ ಉಚಿತ. ಪ್ರದರ್ಶನ ಬದಲಾಗುತ್ತಿರುತ್ತದೆ, ಯಾವುದು ನಡೆಯುತ್ತಿದೆ ಅಂತ ನೋಡಿಕೊಂಡು ಹೋಗಿ. ಒಳಗೆ ವಿವರಿಸಲು ಮೀಡಿಯೇಟರ್‌ಗಳು ಇರುತ್ತಾರೆ, ಸುಮ್ನೆ ಸುತ್ತಿ ಬರುವ ಬದಲು ಅವರನ್ನು ಹಿಡಿದು ಮಾತಾಡಿಸಿ. ಇನ್ನೊಂದು ಜಾಗ, ಮೃದಂಗ ತಬಲಾ ರಿಪೇರಿ ಮಾಡುವ ಯಾವುದಾದರೂ ಅಂಗಡಿ. ಸ್ಕೆಚ್ ಪುಸ್ತಕ ತೆಗೆದುಕೊಂಡು ಹೋಗಿ, ಕೇಳಿಕೊಂಡು ಕೂತು ಕರಣೆ ಹಾಕುವುದನ್ನು ಬರೆಯಿರಿ. ಕಛೇರಿಗಳ ಸೀಸನ್‌ನಲ್ಲಿ ಮಾತ್ರ ಹೋಗಬೇಡಿ, ಅವರಿಗೆ ತಲೆ ಎತ್ತಲು ಪುರಸೊತ್ತಿರುವುದಿಲ್ಲ.